ಗಾಳಿ ತಿರುಗುವ ಹೊತ್ತು ಬೆಂಕಿಯೆದುರು ನಿಂತವರಿಗೂ ಗೊತ್ತಾಗಲಿ

ರಾಜ್ಯದ ಕಾಡು ನೋಡಿಕೊಳ್ಳುವ ಹಿರಿಯ ಅಧಿಕಾರಿಗಳಿಗೆ ಹಾಗೂ ಗಾಳಿ-ಮಳೆಯ ಮುನ್ಸೂಚನೆ ಕೊಡುವ ತಜ್ಞರಿಗೆ, ಹೊಸನಗರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರನ ನಮಸ್ಕಾರಗಳು.

ಮಾನ್ಯರೇ,

ಮಲೆನಾಡು ಅಂದರೆ ನಿಮಗೆ ಮೊದಲು ಮಳೆ ನೆನಪಾಗುತ್ತದೆ. ಜೂನ್ ಬಂದ ಕೂಡಲೇ ಆಗುಂಬೆ, ಹುಲಿಕಲ್ ಹೆಸರು ಪೇಪರಿನಲ್ಲಿ ಬರುತ್ತದೆ. ಜೊತೆಗೆ ನಿಮ್ಮ ಎಚ್ಚರಿಕೆಗಳೂ ಬರುತ್ತವೆ, ಹಳದಿ, ಕಿತ್ತಳೆ, ಕೆಂಪು ಅಂತ. ಶಾಲೆಗೆ ರಜೆ ಕೊಡಬೇಕೋ ಬೇಡವೋ ಅಂತ ಜಿಲ್ಲಾಡಳಿತ ಅದನ್ನು ನೋಡಿ ತೀರ್ಮಾನ ಮಾಡುತ್ತದೆ. ಅದರ ಬಗ್ಗೆ ನನ್ನದೇನೂ ತಕರಾರಿಲ್ಲ. ನಾನು ಬರೆಯುತ್ತಿರುವುದು ಬೇಸಿಗೆಯ ಬಗ್ಗೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದಲ್ಲ, ಅಲ್ಲಿಂದ ಮೊದಲ ದೊಡ್ಡ ಮಳೆ ಬೀಳುವವರೆಗಿನ ದಿನಗಳ ಬಗ್ಗೆ. ಜೂನ್‌ನಲ್ಲಿ ಕಾಲಿಟ್ಟರೆ ಉಂಬಳ, ಅಂದರೆ ಜಿಗಣೆ, ಹತ್ತುವ ಅದೇ ಕಾಡು, ಮಾರ್ಚ್‌ನಲ್ಲಿ ಒಂದು ಬೀಡಿ ತುಂಡಿಗೆ ಹತ್ತಿಕೊಳ್ಳುತ್ತದೆ.

ನನ್ನದು ಘಟ್ಟದ ಅಂಚಿನ ಊರು. ಎರಡೂವರೆ ಎಕರೆ ತೋಟ, ಅದರ ಮೇಲೆ ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ, ಅದರಾಚೆ ಬ್ಯಾಣ ಅನ್ನುವ ಹುಲ್ಲುಗಾವಲು, ಬ್ಯಾಣ ದಾಟಿದರೆ ಸರ್ಕಾರಿ ಕಾಡು. ಬೆಂಕಿಗೆ ಸರ್ವೆ ಕಲ್ಲು ಗೊತ್ತಿಲ್ಲ. ಹಾಗಾಗಿ ಹೊಗೆ ಕಂಡ ಕೂಡಲೇ ಊರಿನ ಏಳೆಂಟು ಜನ ಕತ್ತಿ ಹಿಡಿದು ಹೊರಡುತ್ತೇವೆ. ದಾರಿಯಲ್ಲಿ ಹಸಿಸೊಪ್ಪಿನ ಕೊಂಬೆ ಕಡಿದುಕೊಳ್ಳುತ್ತೇವೆ. ಅಷ್ಟೊತ್ತಿಗೆ ಅರಣ್ಯ ಇಲಾಖೆಯ ಗಾರ್ಡು, ವಾಚರುಗಳು ಬಂದಿರುತ್ತಾರೆ. ಈಚೆಗೆ ಎಲೆ ಹಾರಿಸುವ ಬ್ಲೋವರ್ ಕೂಡ ಬಂದಿದೆ, ಅದು ಒಳ್ಳೆಯ ಸಾಧನ. ಆದರೂ ಹೆಚ್ಚಿನ ಬೆಂಕಿ ಇವತ್ತಿಗೂ ಆರುವುದು ಸೊಪ್ಪಿನ ಬಡಿತಕ್ಕೇ. ನಾನು 25 ವರ್ಷದಿಂದ ಹೀಗೆ ಹೋಗುತ್ತಿದ್ದೇನೆ.

ಬೆಂಕಿ ಹಾಕುವವರು ಯಾರು ಅಂತ ನೀವು ಕೇಳಬಹುದು. ಬಹುಪಾಲು ನಮ್ಮವರೇ. ಹೊಸ ಹುಲ್ಲು ಚಿಗುರಲಿ ಅಂತ ಹಾಕುವವರಿದ್ದಾರೆ, ಜೇನು ಬಿಡಿಸಲು ಹೋಗಿ ಉರಿಯುವ ಸೂಡಿ ಬಿಟ್ಟು ಬರುವವರಿದ್ದಾರೆ, ಜಾಗದ ಜಗಳದಲ್ಲಿ ಸಿಟ್ಟಿಗೆ ಕಡ್ಡಿ ಗೀರುವವರೂ ಇದ್ದಾರೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾರು ಹಚ್ಚಿದರೂ ನಂದಿಸಲು ಹೋಗುವವನ ಕಾಲು ಒಂದೇ ತರ ಸುಡುತ್ತದೆ. ಈ ಪತ್ರ ಆ ಕಾಲಿನ ಬಗ್ಗೆ.

ಕೆಲವು ವರ್ಷದ ಹಿಂದಿನ ಒಂದು ಮಾರ್ಚ್ ತಿಂಗಳು. ಯಾವ ವಲಯ, ಯಾವ ಗುಡ್ಡ ಅಂತ ಬರೆಯುವುದಿಲ್ಲ. ಬರೆದರೆ ಆವತ್ತು ಕೆಲಸದ ಮೇಲಿದ್ದ ಯಾರೋ ಸಣ್ಣ ನೌಕರನ ತಲೆಗೆ ಬರುತ್ತದೆ. ತಪ್ಪು ಅವನದಲ್ಲ. ಬೆಳಿಗ್ಗೆ ಹತ್ತು ಗಂಟೆಗೆ ಗುಡ್ಡದ ಪಡುವಣ ಮಗ್ಗುಲಲ್ಲಿ ಹೊಗೆ ಕಂಡಿತು. ನಾವು ಮೂಡಣ ಕಡೆಯಿಂದ ಹತ್ತಿ ನೆತ್ತಿಗೆ ಹೋದೆವು. ಆಗ ಗಾಳಿ ಮೂಡಣದಿಂದ, ಅಂದರೆ ನಮ್ಮ ಬೆನ್ನ ಹಿಂದಿನಿಂದ ಬೀಸುತ್ತಿತ್ತು. ಬೆಂಕಿ ನಮ್ಮಿಂದ ದೂರ, ಇಳಿಜಾರಿನಲ್ಲಿ ಕೆಳಗೆ ಕೆಳಗೆ ಹೋಗುತ್ತಿತ್ತು. ನಿಧಾನಕ್ಕೆ. ಮೊಳಕಾಲೆತ್ತರವೂ ಇರಲಿಲ್ಲ. ಹಾಗಾಗಿ ನೆತ್ತಿಯಿಂದ ಕೆಳಗಿಳಿದು ಅದರ ಹಿಂದಿನ ಅಂಚನ್ನು ಬಡಿಯುತ್ತಾ ಹೋಗೋಣ ಅಂತ ತೀರ್ಮಾನವಾಯಿತು. ಯಾರೇ ಆಗಿದ್ದರೂ ಹಾಗೇ ಮಾಡುತ್ತಿದ್ದರು. ಒಟ್ಟು ಹನ್ನೊಂದು ಜನ. ಎದೆ ಮಟ್ಟದ ಕರಡ ಹುಲ್ಲಿನ ನಡುವೆ ಇಳಿದೆವು.

ಮಧ್ಯಾಹ್ನ ಎರಡೂವರೆ ಹೊತ್ತಿಗೆ ಮುಕ್ಕಾಲು ಕೆಲಸ ಮುಗಿದಿತ್ತು. ಒಬ್ಬ ಹುಡುಗ ನೀರಿನ ಕ್ಯಾನ್ ಹಿಡಿದು ಮೇಲೆ ಕೂತಿದ್ದ. ನಮ್ಮ ವಾಚರ್ ಇದ್ದಾರಲ್ಲ, ಅವರು ಬಡಿಯುವುದನ್ನು ನಿಲ್ಲಿಸಿ ತಲೆ ಎತ್ತಿ ನೋಡಿದರು. ಅಲ್ಲಿಯವರೆಗೆ ಪಡುವಣಕ್ಕೆ ವಾಲಿಕೊಂಡಿದ್ದ ಹೊಗೆ ನೆಟ್ಟಗೆ ನಿಂತಿತ್ತು, ಊದುಬತ್ತಿಯ ಹೊಗೆ ನಿಲ್ಲುವ ಹಾಗೆ. ಎಲೆ ಅಲ್ಲಾಡುತ್ತಿರಲಿಲ್ಲ. ನನಗೆ ಗಾಳಿ ನಿಂತಿತಲ್ಲ, ಒಳ್ಳೆಯದಾಯಿತು ಅನ್ನಿಸಿತ್ತು. ಅವರು ಮಾತ್ರ, "ಗೌಡ್ರೆ, ಗಾಳಿ ತಿರುಗ್ತದೆ. ಮ್ಯಾಲೆ ಹೋಗಬ್ಯಾಡಿ, ಕಪ್ಪಿಗೆ ಬನ್ನಿ, ಕಪ್ಪಿಗೆ ಬನ್ನಿ" ಅಂತ ಕೂಗಿದರು. ಕಪ್ಪು ಅಂದರೆ ಆಗಲೇ ಸುಟ್ಟು ಬೂದಿಯಾದ ಜಾಗ. ಅಲ್ಲಿ ಮತ್ತೆ ಸುಡಲು ಏನೂ ಉಳಿದಿರುವುದಿಲ್ಲ. ನಾವು ಬಿಸಿ ಬೂದಿಯ ಮೇಲೆ ಓಡಿದೆವು. ಎಣಿಸಿದರೆ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಕೆಳಗಿನಿಂದ ಗಾಳಿ ನುಗ್ಗಿತು. ಬೆಳಿಗ್ಗೆಯಿಂದ ಕೆಳಗೆ ಇಳಿಯುತ್ತಿದ್ದ ಬೆಂಕಿ ಅದೇ ಇಳಿಜಾರಿನಲ್ಲಿ ಮೇಲಕ್ಕೆ ಓಡಿ ಬಂತು. ಆ ಸದ್ದನ್ನು ಕೇಳಿದವರಿಗೇ ಗೊತ್ತು. ಲಾರಿ ಏರು ಹತ್ತುವಾಗ ಹೂಂಕರಿಸುತ್ತದಲ್ಲ, ಹಾಗೆ.

ನೀರಿನ ಹುಡುಗನಿಗೆ ಕಪ್ಪು ಅಂದರೆ ಏನು ಅಂತ ಗೊತ್ತಿರಲಿಲ್ಲ. ಅವನು ಹೆದರಿ ಹುಲ್ಲಿನೊಳಗೇ ಮೇಲಕ್ಕೆ ಓಡತೊಡಗಿದ. ವಾಚರ್ ವಾಪಸ್ ಹೋಗಿ ಅವನ ಅಂಗಿ ಹಿಡಿದು ಎಳೆದು ತಂದರು. ಹುಡುಗನ ಹುಬ್ಬು ಸುಟ್ಟಿತು, ಅಷ್ಟೇ. ವಾಚರ್ ಕಾಲಲ್ಲಿ ಹವಾಯಿ ಚಪ್ಪಲಿ ಇತ್ತು. ಎಡಗಾಲಿನ ಚಪ್ಪಲಿ ಕರಗಿ ಪಾದಕ್ಕೆ ಅಂಟಿಕೊಂಡಿತ್ತು. ಆಸ್ಪತ್ರೆಯಲ್ಲಿ ಅದನ್ನು ಬಿಡಿಸುವಾಗ ನಾನು ಹೊರಗೆ ನಿಂತಿದ್ದೆ. ಒಳಗೆ ಹೋಗುವ ಧೈರ್ಯ ಬರಲಿಲ್ಲ.

ನಾನು ಈ ಪತ್ರ ಬರೆಯಲು ಕಾರಣ ಬೆಂಕಿ ಅಲ್ಲ. ಆವತ್ತು ರಾತ್ರಿ ನಡೆದದ್ದು. ಮನೆಗೆ ಬಂದು ಸ್ನಾನ ಮಾಡಿ ಕೂತಿದ್ದೆ. ಮಗಳು ಏನಾಯಿತು ಅಂತ ಕೇಳಿದಳು. ಗಾಳಿ ಇದ್ದಕ್ಕಿದ್ದಂತೆ ತಿರುಗಿಬಿಟ್ಟಿತು, ಯಾರಿಗೆ ಗೊತ್ತಿತ್ತು ಅಂದೆ. ಅವಳು ಮೊಬೈಲ್ ತೆಗೆದು ಗಾಳಿ ತೋರಿಸುವ ಒಂದು ಆಪ್ ತೆರೆದಳು. ಆ ದಿನದ ಲೆಕ್ಕ ಗಂಟೆ ಗಂಟೆಗೆ ಇತ್ತು. ಬೆಳಿಗ್ಗೆಯೆಲ್ಲ ಬಾಣದ ಗುರುತು ಪಡುವಣಕ್ಕೆ ಮುಖ ಮಾಡಿತ್ತು. ಮಧ್ಯಾಹ್ನ ಮೂರರ ಮನೆಯಲ್ಲಿ ಬಾಣ ತಿರುಗಿತ್ತು. ಗಾಳಿಯ ವೇಗವೂ ಎರಡು ಪಟ್ಟಾಗಿತ್ತು. ನಾವು ಮನೆ ಬಿಡುವ ಮೊದಲೇ ಅದು ಅಲ್ಲಿತ್ತು. ಅರ್ಧ ಗಂಟೆ ಆಚೀಚೆ, ಅಷ್ಟೇ ವ್ಯತ್ಯಾಸ. ಯಾರಿಗೆ ಗೊತ್ತಿತ್ತು ಅಂದೆನಲ್ಲ, ಮೊಬೈಲಿಗೆ ಗೊತ್ತಿತ್ತು. ಹಾಗಾದರೆ ನಿಮಗೂ ಗೊತ್ತಿತ್ತು.

ಇದೇನು ದೊಡ್ಡ ಗುಟ್ಟಲ್ಲ ಅಂತ ನೀವು ನಮಗಿಂತ ಚೆನ್ನಾಗಿ ಬಲ್ಲಿರಿ. ನಮ್ಮ ಘಟ್ಟ ಇಳಿದರೆ ಕುಂದಾಪುರ, ಬೈಂದೂರು. ಮೋಡ ಇಲ್ಲದ ದಿನ 1343 ಮೀಟರ್ ಎತ್ತರದ ಕೊಡಚಾದ್ರಿಯ ಮೇಲೆ ನಿಂತರೆ ಸಮುದ್ರ ಕಾಣುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ ಒಳನಾಡಿನ ಒಣಗಾಳಿ ಮೂಡಣದಿಂದ ಬೀಸುತ್ತದೆ. ಹೊತ್ತೇರಿದ ಹಾಗೆ ನೆಲ ಕಾಯುತ್ತದೆ, ಸಮುದ್ರ ಅಷ್ಟು ಬೇಗ ಕಾಯುವುದಿಲ್ಲ. ನೆಲದ ಮೇಲಿನ ಬಿಸಿ ಗಾಳಿ ಮೇಲೇರಿದಾಗ ಆ ಜಾಗ ತುಂಬಲು ಸಮುದ್ರದ ಗಾಳಿ ಘಟ್ಟ ಹತ್ತಿ ಬರುತ್ತದೆ. ಇದು ಹೆಚ್ಚಿನ ದಿನ ನಡೆಯುವುದೇ. ಆದರೆ ಎಷ್ಟು ಗಂಟೆಗೆ, ಎಷ್ಟು ಜೋರಾಗಿ ಅನ್ನುವುದು ದಿನದಿನಕ್ಕೂ ಬೇರೆ. ಮೂಡಣ ಗಾಳಿ ಬಲವಾಗಿದ್ದ ದಿನ ಪಡುವಣ ಗಾಳಿ ತಡವಾಗಿ ಬರುತ್ತದೆ, ಬಂದಾಗ ಒಮ್ಮೆಲೇ ಬರುತ್ತದೆ. ನಮ್ಮ ಗುಡ್ಡದಲ್ಲಿ ಆದದ್ದು ಅದೇ ಇರಬೇಕು. ಮೇಲಾಗಿ ಏರಿನಲ್ಲಿ ಬೆಂಕಿಗೆ ಕಾಲು ಬರುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಕಡಿದಾದಂತೆ ಮೇಲಕ್ಕೆ ಓಡುವ ಬೆಂಕಿಯ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ ಅಂತ ಬೆಂಕಿಯ ಬಗ್ಗೆ ಓದಿದವರು ಹೇಳುತ್ತಾರೆ. ಅಂದರೆ 20 ಡಿಗ್ರಿಗೆ ನಾಲ್ಕರಷ್ಟು. ನಾವು ಗುಡ್ಡ ಹತ್ತುವಾಗ ನಮ್ಮ ವೇಗ ಅರ್ಧವಾಗುತ್ತದೆ. ಲೆಕ್ಕ ನೀವೇ ಹಾಕಿ.

ಗಾಳಿಯಷ್ಟೇ ಮುಖ್ಯ ಇನ್ನೊಂದಿದೆ, ಗಾಳಿಯಲ್ಲಿರುವ ತೇವ. ಮಾರ್ಚ್‌ನಲ್ಲಿ ಬೆಳಿಗ್ಗೆ ಏಳಕ್ಕೆ ಸೊಪ್ಪಿನಬೆಟ್ಟಕ್ಕೆ ಹೋಗಿ ದರಗಿನ, ಅಂದರೆ ಉದುರಿದ ಎಲೆಯ, ಮೇಲೆ ಕಾಲಿಟ್ಟು ನೋಡಿ. ಸದ್ದೇ ಇರುವುದಿಲ್ಲ, ಇಬ್ಬನಿಗೆ ಮೆತ್ತಗಾಗಿರುತ್ತದೆ. ಅದೇ ಎಲೆ ಮಧ್ಯಾಹ್ನ ಒಂದಕ್ಕೆ ಹಪ್ಪಳ. ಒಂದೆರಡು ಗಂಟೆಯಲ್ಲಿ ಎಲೆ, ಹುಲ್ಲು ಗಾಳಿಗೆ ತಕ್ಕಂತೆ ಒಣಗುತ್ತವೆ, ನೆನೆಯುತ್ತವೆ. ಅದಕ್ಕೇ ಹಳಬರು ಬೆಳಗಿನ ಜಾವ ಬೆಂಕಿ ನಂದಿಸಲು ಹೋಗುತ್ತಿದ್ದರು. ಆದರೆ ಕೆಲವು ರಾತ್ರಿ ಇಬ್ಬನಿ ಬೀಳುವುದೇ ಇಲ್ಲ. ಒಣಗಾಳಿ ರಾತ್ರಿಯಿಡೀ ಬೀಸುತ್ತದೆ, ಬೆಂಕಿಯೂ ರಾತ್ರಿಯಿಡೀ ನಡೆಯುತ್ತದೆ. ಇವತ್ತು ರಾತ್ರಿ ಇಬ್ಬನಿ ಬೀಳುತ್ತದೋ ಇಲ್ಲವೋ ಅಂತ ಸಂಜೆ ಐದಕ್ಕೆ ಒಬ್ಬರು ಹೇಳಿದರೆ ಸಾಕು. ಬೀಳುವುದಾದರೆ ದಣಿದ ಜನ ನಾಲ್ಕು ಗಂಟೆ ಮಲಗಿ, ಬೆಳಗಿನ ಜಾವ ಎದ್ದು ಹೋಗಬಹುದು. ಬೀಳುವುದಿಲ್ಲವಾದರೆ ಪಾಳಿ ಹಾಕಿಕೊಳ್ಳಬಹುದು. ಈಗ ನಾವು ಸುಮ್ನೆ ಅಂದಾಜಿನ ಮೇಲೆ ನಿದ್ದೆಗೆಡುತ್ತೇವೆ, ಇಲ್ಲವೇ ಅಂದಾಜಿನ ಮೇಲೆ ಮಲಗುತ್ತೇವೆ.

ನೀವು ಏನೂ ಮಾಡುತ್ತಿಲ್ಲ ಅಂತ ಹೇಳಿದರೆ ಅನ್ಯಾಯವಾಗುತ್ತದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ 2004ರಿಂದ ಉಪಗ್ರಹದ ಮೂಲಕ ಬೆಂಕಿ ಪತ್ತೆ ಮಾಡಿ ತಿಳಿಸುತ್ತಿದೆ. ಕಾಡಿನ ನಡುವೆ ಹತ್ತಿದ ಬೆಂಕಿಯ ಜಾಗ ಈಗ ಇಲಾಖೆಯವರ ಮೊಬೈಲಿಗೆ ಬರುತ್ತದೆ. ಹಿಂದೆ ಹೊಗೆ ನೋಡಿ, ಮರ ಹತ್ತಿ, ಎಲ್ಲಿ ಅಂತ ಹುಡುಕಬೇಕಿತ್ತು. ಆದರೆ ಎರಡು ಮಾತು. ಈ ಕೆಲಸದ ಮುಖ್ಯ ಉಪಗ್ರಹಗಳು ನಮ್ಮ ತಲೆಯ ಮೇಲೆ ಹಾಯುವುದು ಹೆಚ್ಚುಕಡಿಮೆ ಮಧ್ಯಾಹ್ನ ಒಂದೂವರೆಗೆ, ಮತ್ತೆ ರಾತ್ರಿ ಒಂದೂವರೆಗೆ. ಮೂರು ಗಂಟೆಗೆ ಹತ್ತಿದ ಬೆಂಕಿ ಅವುಗಳ ಕಣ್ಣಿಗೆ ಬೀಳಲು ರಾತ್ರಿ ಆಗಬೇಕು. ಅಷ್ಟೊತ್ತಿಗೆ ನಮ್ಮೂರಿನ ನಾಯಿಗಳಿಗೂ ಗೊತ್ತಾಗಿರುತ್ತದೆ. ಎರಡನೆಯದು, ಉಪಗ್ರಹ ಹೇಳುವುದು ಬೆಂಕಿ ಎಲ್ಲಿದೆ ಅಂತ. ಅದು ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಹೇಳಬೇಕಾದ್ದು ಗಾಳಿ ಬಲ್ಲವರು. ಆ ಎರಡನೆಯ ಮಾತು ನಮ್ಮ ಗುಡ್ಡಕ್ಕೆ ಬರುತ್ತಿಲ್ಲ.

ಬೇರೆಯವರಿಗೆ ಬರುತ್ತದೆ ನೋಡಿ. ನನಗೇ ರೈತ ಅಂತ ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಕೃಷಿ ಹವಾಮಾನದ ಸಲಹೆ ಸಿಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆಯಲು ಯಾವ ದಿನ ಬಿಡುವು ಸಿಗಬಹುದು ಅಂತ ನಾನು ಅದನ್ನು ನೋಡಿಯೇ ಮರ ಹತ್ತುವ ಕೊನೆಗಾರರಿಗೆ ಹೇಳುತ್ತೇನೆ. ಘಟ್ಟದ ಕೆಳಗೆ ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಅಂತ ಎಚ್ಚರಿಕೆ ಹೋಗುತ್ತದೆ. ಶಿವಮೊಗ್ಗದ ಸೋಗಾನೆಯಲ್ಲಿ 2023ರ ಫೆಬ್ರವರಿಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಯಾವ ನಿಲ್ದಾಣದಲ್ಲೇ ಆಗಲಿ ವಿಮಾನ ಇಳಿಸುವವನಿಗೆ ಗಾಳಿ ಯಾವ ಕಡೆಯಿಂದ, ಎಷ್ಟು ವೇಗ ಅಂತ ಹೇಳದೆ ಇಳಿಸುವುದಿಲ್ಲ. ಸರಿಯಾದ್ದೇ. ಹಾಗಾದರೆ ಅದೇ ಜಿಲ್ಲೆಯ ಗುಡ್ಡದಲ್ಲಿ ಬೆಂಕಿಯ ಮುಂದೆ ಹವಾಯಿ ಚಪ್ಪಲಿ ಹಾಕಿಕೊಂಡು ನಿಂತವನಿಗೆ ಗಾಳಿ ಯಾವ ಕಡೆಯಿಂದ ಅಂತ ಯಾರು ಹೇಳಬೇಕು?

ಯಂತ್ರ ಇಲ್ಲ ಅನ್ನುವ ಹಾಗೂ ಇಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿಗೊಂದು ಮಳೆಮಾಪಕ, ಹೋಬಳಿಗೊಂದು ಹವಾಮಾನ ಕೇಂದ್ರ ಅಂತ ನಿಲ್ಲಿಸಿದೆ. ದೇಶದಲ್ಲಿ ಇಷ್ಟು ಒತ್ತಾಗಿ ಯಂತ್ರ ಇಟ್ಟ ರಾಜ್ಯಗಳು ಕಡಿಮೆ, ಇದು ನಾವು ಹೆಮ್ಮೆ ಪಡಬೇಕಾದ ಕೆಲಸ. ಹೋಬಳಿಯ ಕಂಬದ ತುದಿಯಲ್ಲಿ ಬಟ್ಟಲುಗಳು ತಿರುಗುತ್ತಿರುತ್ತವೆ, ಪಕ್ಕದಲ್ಲಿ ಸೋಲಾರ್ ಫಲಕ. ಗಾಳಿಯ ದಿಕ್ಕು, ವೇಗ, ತೇವ, ಸೆಕೆ ಎಲ್ಲ ತಾನಾಗಿಯೇ ಬೆಂಗಳೂರಿಗೆ ಹೋಗುತ್ತದೆ. ನಮ್ಮ ಗಾಳಿ ಬೆಂಗಳೂರಿಗೆ ಹೋಗುತ್ತದೆ, ಅಲ್ಲಿಂದ ವಾಪಸ್ ಗುಡ್ಡಕ್ಕೆ ಬರುವ ದಾರಿ ಮಾತ್ರ ಇನ್ನೂ ಆಗಿಲ್ಲ.

ಹೊರಗಿನವರು ಹೇಗೆ ಮಾಡುತ್ತಾರೆ ಅಂತ ಮಗಳ ಸಹಾಯದಿಂದ ಓದಿದೆ. ಅಮೆರಿಕದಲ್ಲಿ ಬೆಂಕಿ ನಂದಿಸುವವರು ಪಾಲಿಸಬೇಕಾದ ಹತ್ತು ಆಜ್ಞೆಗಳಿವೆ. 1957ರಲ್ಲಿ ಮಾಡಿದವು. ಅದರಲ್ಲಿ ಮೊದಲನೆಯದೇ ಬೆಂಕಿಯ ಮೇಲಿನ ಹವಾಮಾನ ಏನಿದೆ, ಏನಾಗಲಿದೆ ಅಂತ ತಿಳಿದುಕೊಂಡಿರಬೇಕು ಅನ್ನುವುದು. ಅಲ್ಲಿನ ಹವಾಮಾನ ಇಲಾಖೆಯಲ್ಲಿ ಇನ್ಸಿಡೆಂಟ್ ಮೀಟಿಯರಾಲಜಿಸ್ಟ್ ಅಂತ ಒಂದು ವರ್ಗವೇ ಇದೆ. ದೊಡ್ಡ ಬೆಂಕಿ ಬಿದ್ದರೆ ಇವರು ಕಚೇರಿ ಬಿಟ್ಟು ಬೆಂಕಿಯ ಕ್ಯಾಂಪಿಗೇ ಬರುತ್ತಾರೆ. ಟೆಂಟಿನಲ್ಲಿ ಮಲಗುತ್ತಾರೆ. ಬೆಳಿಗ್ಗೆ ಜನ ಕೆಲಸಕ್ಕೆ ಹೊರಡುವ ಮೊದಲು ಎದುರು ನಿಂತು ಇವತ್ತು ಗಾಳಿ ಹೀಗೆ, ಇಷ್ಟು ಗಂಟೆಗೆ ಜಾಗ್ರತೆ ಅಂತ ಹೇಳುತ್ತಾರೆ. ಸಣ್ಣ ಬೆಂಕಿಗೆ ಇನ್ನೊಂದು ವ್ಯವಸ್ಥೆ ಇದೆ, ಸ್ಪಾಟ್ ಫೋರ್‌ಕಾಸ್ಟ್ ಅಂತ. ಗುಡ್ಡದಲ್ಲಿರುವವರು ಜಾಗ, ಎತ್ತರ, ಇಳಿಜಾರು ಯಾವ ಕಡೆಗೆ, ಈಗ ಗಾಳಿ ಎಷ್ಟು, ತೇವ ಎಷ್ಟು ಅಂತ ಹೇಳಿದರೆ, ಕಚೇರಿಯಲ್ಲಿ ಕೂತ ಮುನ್ಸೂಚಕ ಆ ಒಂದು ಗುಡ್ಡಕ್ಕಾಗಿಯೇ ಮುಂದಿನ ಗಂಟೆಗಳ ಲೆಕ್ಕ ಹಾಕಿ ಕೊಡುತ್ತಾನೆ. ಆಸ್ಟ್ರೇಲಿಯಾದಲ್ಲೂ ಹವಾಮಾನ ತಜ್ಞರನ್ನು ಬೆಂಕಿ ಇಲಾಖೆಗಳ ಒಳಗೇ ಕೂರಿಸಿದ್ದಾರೆ.

ಅವರೇನು ಹುಟ್ಟಿನಿಂದಲೇ ಜಾಣರಲ್ಲ. ಕೊಲೊರಾಡೊದಲ್ಲಿ ಸ್ಟಾರ್ಮ್ ಕಿಂಗ್ ಅನ್ನುವ ಗುಡ್ಡ ಇದೆ. 1994ರ ಜುಲೈ 6ರಂದು ಅಲ್ಲಿ ಬೆಂಕಿ ನಂದಿಸುತ್ತಿದ್ದ 14 ಜನ ಸತ್ತರು. ಮಧ್ಯಾಹ್ನ ಒಣ ಗಾಳಿಯ ಹೊಡೆತ ಬಂತು, ಇಳಿಜಾರಿನ ಕೆಳಗಿದ್ದ ಬೆಂಕಿ ಮೇಲಕ್ಕೆ ಓಡಿ ಬಂತು. ಓದುವಾಗ ನನಗೆ ನಮ್ಮ ಗುಡ್ಡದ ಸದ್ದೇ ಕೇಳಿಸಿತು. ಎದೆಗೆ ಚುಚ್ಚಿದ್ದು ಮುಂದಿನ ಸಾಲು. ಆ ಗಾಳಿ ಬರುತ್ತದೆ ಅಂತ ಹವಾಮಾನ ಕಚೇರಿ ಎಚ್ಚರಿಕೆ ಹೊರಡಿಸಿತ್ತು. ಗುಡ್ಡದಲ್ಲಿದ್ದವರಿಗೆ ಅದು ತಲುಪಲಿಲ್ಲ.

ತಲುಪಿದ ಮಾತ್ರಕ್ಕೆ ಎಲ್ಲರೂ ಉಳಿಯುತ್ತಾರೆ ಅಂತ ನಾನು ಹೇಳುತ್ತಿಲ್ಲ. 2013ರ ಜೂನ್ 30ರಂದು ಅರಿಜೋನಾದ ಯಾರ್ನೆಲ್ ಹಿಲ್‌ನಲ್ಲಿ 19 ಜನ ಸತ್ತರು. ಅಲ್ಲಿ ಗುಡುಗುಮೋಡದ ಗಾಳಿ ತಿರುಗುತ್ತದೆ ಅನ್ನುವ ಸುದ್ದಿ ಮೊದಲೇ ಬಂದಿತ್ತು. ಮುನ್ಸೂಚನೆ ಮಂತ್ರವಲ್ಲ. ಆದರೆ ಗೊತ್ತಿದ್ದೂ ಸಿಕ್ಕಿಬೀಳುವುದು ಬೇರೆ, ಗೊತ್ತೇ ಇಲ್ಲದೆ ಸಿಕ್ಕಿಬೀಳುವುದು ಬೇರೆ. ಅಲ್ವಾ?

ನಮ್ಮದು ಅಷ್ಟು ದೊಡ್ಡ ಬೆಂಕಿ ಅಲ್ಲವಲ್ಲ ಅಂತ ನಿಮ್ಮಲ್ಲಿ ಯಾರಾದರೂ ಹೇಳಬಹುದು. ಒಪ್ಪುತ್ತೇನೆ. ನಮ್ಮಲ್ಲಿ ಮರದ ತಲೆಯಿಂದ ತಲೆಗೆ ಹಾರುವ ಬೆಂಕಿ ಅಪರೂಪ. ನೆಲದ ದರಗು, ಕರಡ, ಅಕೇಶಿಯಾ ತೋಪಿನ ಕೆಳಗೆ ದಪ್ಪಗೆ ಬಿದ್ದ ಎಲೆ, ಇವೇ ಸುಡುವುದು. ಒಳಗಿನ ಹಸಿ ಕಾನಿಗೆ, ಅಂದರೆ ದಟ್ಟ ನಿತ್ಯಹಸಿರು ಕಾಡಿಗೆ, ಬೆಂಕಿ ಹೊಗುವುದೂ ಕಡಿಮೆ. ಆದರೆ ಸಣ್ಣ ಬೆಂಕಿಯೂ ಜೀವ ತೆಗೆಯುತ್ತದೆ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಒಬ್ಬ ಗಾರ್ಡ್ ಬೆಂಕಿಗೆ ಸಿಕ್ಕಿ ಸತ್ತರು. 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆ ಇನ್ನೊಬ್ಬರು. 2024ರ ಜೂನ್‌ನಲ್ಲಿ ಉತ್ತರಾಖಂಡದ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ನಂದಿಸಲು ಹೋದ ನಾಲ್ವರು ಒಂದೇ ದಿನ ಸತ್ತರು. ಅಲ್ಲೆಲ್ಲ ಗಾಳಿಯೇ ಕಾರಣ ಅಂತ ನಾನು ಹೇಳಲಾರೆ, ನಾನು ಅಲ್ಲಿರಲಿಲ್ಲ. ಸತ್ತವರು ನಮ್ಮ ವಾಚರ್ ತರದವರೇ ಅಂತ ಮಾತ್ರ ಗೊತ್ತು.

ಹಾಗಾಗಿ ನಮ್ಮ ಬೇಡಿಕೆ ದೊಡ್ಡದಲ್ಲ. ಗಾಳಿ ಅಳೆಯುವ ಬಲೂನು ಬೇಡ, ಟೆಂಟೂ ಬೇಡ. ಜನವರಿಯಿಂದ ಮೇವರೆಗೆ ಮಲೆನಾಡಿಗೆ ಅಂತಲೇ ಒಬ್ಬ ಮುನ್ಸೂಚಕರನ್ನು ಗೊತ್ತು ಮಾಡಿ. ಶಿವಮೊಗ್ಗದಲ್ಲಿ ಕೂತರೆ ಬಹಳ ಒಳ್ಳೆಯದು, ಬೆಂಗಳೂರಿನಲ್ಲಿದ್ದರೂ ನಡೆಯುತ್ತದೆ. ಆದರೆ ಅವರು ಒಮ್ಮೆಯಾದರೂ ನಮ್ಮ ಗುಡ್ಡ ಹತ್ತಿರಬೇಕು, ಕಾನು ಯಾವುದು, ಬ್ಯಾಣ ಯಾವುದು ಅಂತ ಗೊತ್ತಿರಬೇಕು. ಬೆಂಕಿ ಬಿದ್ದ ದಿನ ವಲಯ ಕಚೇರಿಯಿಂದ ಅವರಿಗೆ ಫೋನು ಮಾಡುವಂತಿರಬೇಕು. ಮಷಿನ್ ಉತ್ತರ ಬೇಡ, ಮನುಷ್ಯರೇ ಎತ್ತಬೇಕು.

ಅವರು ಹೇಳಿದ್ದು ಗುಡ್ಡದಲ್ಲಿರುವವರಿಗೆ ಮುಟ್ಟಬೇಕಲ್ಲ, ಅದೇ ಕಷ್ಟದ ಕೆಲಸ. ನಮ್ಮ ಗುಡ್ಡಗಳಲ್ಲಿ ಮೊಬೈಲ್ ಟವರ್ ಸಿಗುವುದಿಲ್ಲ. ವಾಟ್ಸಾಪ್ ಗ್ರೂಪಿಗೆ ಪಿಡಿಎಫ್ ಹಾಕಿ ಕೈ ತೊಳೆದುಕೊಂಡರೆ ಅದು ಸಂಜೆ ಮನೆಗೆ ಬಂದ ಮೇಲೆ ತೆರೆಯುತ್ತದೆ. ಅರಣ್ಯ ಇಲಾಖೆಗೆ ವೈರ್‌ಲೆಸ್ ಇದೆ. ಬೆಳಿಗ್ಗೆ ಎಂಟಕ್ಕೆ ಒಮ್ಮೆ, ಮಧ್ಯಾಹ್ನ ಹನ್ನೆರಡೂವರೆಗೆ ಒಮ್ಮೆ ವೈರ್‌ಲೆಸ್ಸಿನಲ್ಲಿ ಕನ್ನಡದಲ್ಲಿ ಎರಡು ಸಾಲು ಓದಿಸಿ. "ಈಗ ಮೂಡಣ ಗಾಳಿ, ಎರಡೂವರೆಯಿಂದ ಮೂರರ ಒಳಗೆ ಪಡುವಣ ಗಾಳಿಯಾಗಿ ತಿರುಗಬಹುದು, ಪಡುವಣ ಇಳಿಜಾರಿನಲ್ಲಿ ಯಾರೂ ಇರಬೇಡಿ." ಇಷ್ಟೇ. ಸಾಪೇಕ್ಷ ಆರ್ದ್ರತೆ, ವಾಯುವ್ಯಾಭಿಮುಖ ಅಂತೆಲ್ಲ ಬರೆಯಬೇಡಿ ದಯವಿಟ್ಟು. ಓದುವ ಗಾರ್ಡಿಗೂ ಕಷ್ಟ, ಕೇಳುವ ನಮಗೂ ಕಷ್ಟ. ಏಪ್ರಿಲ್ ಆದ ಮೇಲೆ ಮಧ್ಯಾಹ್ನ ಗುಡುಗುಮೋಡ ಕಟ್ಟುವ ದಿನವಂತೂ ತಪ್ಪದೆ ಹೇಳಿ. ಮಳೆ ಬರುತ್ತದೆ ಅಂತ ನಾವು ಖುಷಿಯಲ್ಲಿರುತ್ತೇವೆ, ಮಳೆಗೆ ಮೊದಲು ಮೋಡದಿಂದ ಇಳಿಯುವ ಗಾಳಿ ಯಾವ ದಿಕ್ಕಿಗಾದರೂ ಬೆಂಕಿಯನ್ನು ಎಸೆಯುತ್ತದೆ.

ನಮ್ಮ ಕಡೆಯಿಂದಲೂ ಕೊಡುವುದಿದೆ. ನಿಮ್ಮ ಹೋಬಳಿ ಕಂಬ ಇರುವುದು ಊರಿನ ಬಯಲಲ್ಲಿ, ಬೆಂಕಿ ಇರುವುದು ಗುಡ್ಡದ ಇಳಿಜಾರಿನಲ್ಲಿ. ಎರಡರ ಗಾಳಿ ಒಂದೇ ಅಲ್ಲ. ಎರಡು ಥರ್ಮಾಮೀಟರ್ ಜೋಡಿಸಿ, ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ, ಗಿರಗಿರ ತಿರುಗಿಸಿ ಗಾಳಿಯ ತೇವ ಅಳೆಯುವ ಒಂದು ಸಣ್ಣ ಸಾಧನ ಇದೆಯಂತೆ. ಬ್ಯಾಟರಿಯೂ ಬೇಡ. ಒಂದು ವಲಯಕ್ಕೆ ಎರಡು ಕೊಡಿ. ಓದಲು ಕಲಿಸಲು ಅರ್ಧ ದಿನ ಸಾಕು, ನಮ್ಮ ಹುಡುಗರು ಡೈರಿಯಲ್ಲಿ ಹಾಲಿನ ಡಿಗ್ರಿ ನೋಡುವವರು. ಗುಡ್ಡದಿಂದ ಗಂಟೆಗೊಮ್ಮೆ ಅಂಕಿ ಹೇಳುತ್ತೇವೆ. ನಿಮ್ಮ ಲೆಕ್ಕ ತಪ್ಪಿದ ದಿನವೂ ಹೇಳುತ್ತೇವೆ, ಬೇಜಾರು ಮಾಡಿಕೊಳ್ಳಬಾರದು. ಎರಡು ಮೂರು ಬೇಸಿಗೆ ಹೀಗೆ ಮಾಡಿದರೆ ಈ ಘಟ್ಟದ ಗಾಳಿ ನಿಮಗೂ ಪಳಗುತ್ತದೆ.

ಬೆಂಕಿ ರೇಖೆ ಸುಡುವ ಕೆಲಸಕ್ಕೂ ಇದೇ ಮುನ್ಸೂಚನೆ ಬೇಕು. ಚಳಿಗಾಲದ ಕೊನೆಗೆ ರಸ್ತೆ ಬದಿ, ಗಡಿ ಬದಿ ಹುಲ್ಲು ಸುಟ್ಟು ಖಾಲಿ ಮಾಡುತ್ತಾರಲ್ಲ, ಅದಕ್ಕೆ ಗಾಳಿ ಕಡಿಮೆ ಇರುವ ದಿನ ಬೇಕು. ರೇಖೆ ಸುಡಲು ಹೋಗಿ ಕಾಡಿಗೇ ಹತ್ತಿದ ಕತೆ ಎಲ್ಲ ಊರಲ್ಲೂ ಒಂದೊಂದಿದೆ. ಇನ್ನು ಶೂ, ಹತ್ತಿ ಬಟ್ಟೆ, ಸುಟ್ಟಗಾಯದ ಔಷಧ ಇವೆಲ್ಲ ಹವಾಮಾನದವರ ಕೆಲಸವಲ್ಲ, ಕಾಡಿನವರ ಕೆಲಸ. ಚಪ್ಪಲಿಯ ಕತೆ ಮೇಲೆ ಬರೆದಿದ್ದೇನೆ. ಮತ್ತೆ ಬರೆಯುವುದಿಲ್ಲ.

ಕೊನೆಗೊಂದು ಕರೆ. ಬರುವ ಫೆಬ್ರವರಿಯಲ್ಲಿ, ಬೆಂಕಿ ಇಲ್ಲದ ದಿನವೇ ಆಗಲಿ, ನಿಮ್ಮಲ್ಲಿ ಒಬ್ಬರು ನಮ್ಮೂರಿಗೆ ಬನ್ನಿ. ಊಟ ನಮ್ಮಲ್ಲೇ. ಮಧ್ಯಾಹ್ನ ಒಂದು ಗಂಟೆಗೆ ಗುಡ್ಡದ ನೆತ್ತಿಗೆ ಹೋಗೋಣ, ವಾಚರ್ ಕೂಡ ಬರುತ್ತಾರೆ. ಹೊಗೆ ನೆಟ್ಟಗೆ ನಿಂತರೆ ಏನು ಅರ್ಥ ಅಂತ ಅವರು ನಿಮಗೆ ಹೇಳಲಿ. ಅದು ಯಾಕೆ ನಿಲ್ಲುತ್ತದೆ, ನಿಲ್ಲುವುದಕ್ಕೆ ಮೂರು ಗಂಟೆ ಮೊದಲೇ ಹೇಗೆ ಗೊತ್ತು ಮಾಡುವುದು ಅಂತ ನೀವು ಅವರಿಗೆ ಹೇಳಿ. ಅವರಿಗೆ ಆವತ್ತು ಎರಡು ನಿಮಿಷ ಸಿಕ್ಕಿತ್ತು.

ಅವರು ಈಗಲೂ ಕೆಲಸಕ್ಕೆ ಬರುತ್ತಾರೆ. ಎಡಗಾಲು ಸ್ವಲ್ಪ ಎಳೆಯುತ್ತಾರೆ. ಈ ವರ್ಷ ರೇಖೆ ಕೆಲಸ ಶುರುವಾದ ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದು, ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು: "ಗೌಡ್ರೆ, ಮಗಳ ಮೊಬೈಲಲ್ಲಿ ಇವತ್ತಿನ ಗಾಳಿ ಎಂತ ಹೇಳ್ತದೆ?"

ಇಂತಿ ನಿಮ್ಮ ವಿಶ್ವಾಸಿ,
ಹೊಸನಗರ ತಾಲೂಕಿನ ಒಬ್ಬ ಅಡಿಕೆ ಬೆಳೆಗಾರ